ಡಬ್ಬಿಯ ಸಣ್ಣಕ್ಷರ

ಮಾರ್ಚ್ ೧೪, ಶುಕ್ರವಾರ

ಬೆಳಗ್ಗೆ ಕಸ ಗುಡಿಸುವಾಗ ಕಂಡೆ: ಭಾವ ದುಡ್ಡು ಗಳಿಸಲು ಹಗಲೂ ರಾತ್ರಿ ಓಡಿಸುವ ಬಿಟ್‌ಕಾಯಿನ್ ಯಂತ್ರದ ಬಿಳಿ ಪ್ಲಗ್ ಒಂದು ಪಕ್ಕ ಕಂದು ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಬೆರಳು ಚುರ್ರೆಂದಿತು. ಆ ಗೋಡೆಯಾಚೆಯೇ ಅಕ್ಕ ಮಗುವನ್ನು ಮಲಗಿಸುವುದು.

ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದ ಭಾವ, ಹೊಸ ಯಂತ್ರಕ್ಕೂ ಕರೆಂಟ್ ಒದಗಿಸಲು ಅದೇ ಅಗ್ಗದ ಪವರ್ ಸಪ್ಲೈ ಆರಿಸಿದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಸಾವಿರದ ಆರುನೂರು ವ್ಯಾಟ್. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಅಷ್ಟು ಹೊರೆ ಇಪ್ಪತ್ತೈದು ಡಿಗ್ರಿ ಶಾಖದವರೆಗೆ ಮಾತ್ರ ಎಂದಿತ್ತು. ನಮ್ಮ ಯಂತ್ರದ ಕೋಣೆಯಲ್ಲಿ ನಲವತ್ತನಾಲ್ಕು. ಧೈರ್ಯ ಮಾಡಿ ಹೇಳಿದೆ.

"ನೋಡಪ್ಪಾ, ನಮ್ಮ ನಾದಿನಿ ಎಂ.ಎ. ಮಾಡಿರೋದೇ ಡಬ್ಬಿ ಓದೋಕೆ!" ಎಂದರು ಭಾವ.

"ಬಿಡಿ ಸಾರ್, ಇನ್ನೆರಡು ಡಬ್ಬಿ ಓದಿದ್ರೆ ಡಾಕ್ಟರೇಟೇ ಬಂದ್ಬಿಡುತ್ತೆ" ಎಂದ ಅಂಗಡಿಯವನು.

ಪ್ಲಗ್‌ನ ವಿಷಯ ಹೇಳಲು ತೆರೆದಿದ್ದ ಬಾಯಲ್ಲೇ ನಾನೂ ನಕ್ಕುಬಿಟ್ಟೆ. ಈಗಲೂ ಉರಿಯುತ್ತಿರುವುದು ಆ ನನ್ನ ನಗು.

ಸಂಜೆ ಡಬ್ಬಿಯ ಮಾತೆತ್ತಿದ್ದಕ್ಕೆ ಅಕ್ಕನೂ ಗದರಿದಳು. "ಸುಮ್ನಿರೇ, ಅವರ ಸಿಟ್ಟು ನಿಂಗೊತ್ತಲ್ಲ."

ಗೊತ್ತು. ನಾಳೆ ಸಂಜೆ ಹೊಸದನ್ನೂ ಜೋಡಿಸುತ್ತಾರೆ. ಮಗುವಿಗೆ ಸೆಕೆ ಎಂದು ನೆಪ ಹೇಳಿ ಅಕ್ಕ, ಮಗು ಇಬ್ಬರನ್ನೂ ನನ್ನ ಕೋಣೆಗೆ ಕರೆದುಕೊಳ್ಳುತ್ತೇನೆ. ಅಲ್ಲಿಂದ ಹೊರಬಾಗಿಲಿಗೆ ನಾಲ್ಕೇ ಹೆಜ್ಜೆ. ಆ ಗೋಡೆಯ ಪಕ್ಕ ಭಾವನೊಬ್ಬರೇ ಇಡೀ ಮಂಚದಲ್ಲಿ ಕೈಕಾಲು ಚಾಚಿ ಮಲಗಲಿ. ಪ್ಲಗ್‌ನ ವಿಷಯ ಅವರಿಗೆ ಹೇಳುವುದಿಲ್ಲ.