ಮೊಮ್ಮಗಳಿಗೆ ನನ್ನ ಹೆಸರು

ಫೆಬ್ರವರಿ 12, ಮಂಗಳವಾರ. ಬೆಳಿಗ್ಗೆ 7

ಸಕ್ಕರೆ 141. ನಿನ್ನೆ ತಿಂದದ್ದು ಎರಡೇ ಖರ್ಜೂರ. ಸರಿ, ನಾಲ್ಕು. ಕ್ಲಿನಿಕ್ಕಿನ ನರ್ಸ್ ಈ ಪುಸ್ತಕ ಕೊಟ್ಟದ್ದು ಸಕ್ಕರೆ ಬರೆಯಲು. ಎಡಗಡೆ ನಂಬರ್. ಬಲಗಡೆ ಇಷ್ಟು ಜಾಗ ಸುಮ್ಮನೆ ಯಾಕೆ ಹಾಳು? ಬಾಯಿಗೆ ಬಂದದ್ದು ಬರೆಯುತ್ತೇನೆ. ಅವಳು ಓದುವುದು ನಂಬರ್ ಮಾತ್ರ.

ಅದೇ ದಿನ, ಮಧ್ಯಾಹ್ನ

ಕಿರಿಮಗ ಅವ್ನೇರ್ ಫೋನ್ ಮಾಡಿದ್ದ. ಸ್ಕ್ಯಾನಿಂಗ್ ಆಯಿತಂತೆ. ಹೆಣ್ಣು!

ನನಗೆ ಮೂರೂ ಗಂಡು. ದೊಡ್ಡವರಿಬ್ಬರಿಗೆ ಸೇರಿ ಐದು ಗಂಡು. ಈಗ ಕಿರಿಯನ ಮನೆಯಲ್ಲಿ ಹೆಣ್ಣು. ಎಪ್ಪತ್ತೆರಡು ವರ್ಷ ಕಾದಿದ್ದೇನೆ. ನಮ್ಮ ಬಾಗ್ದಾದಿನ ಯೆಹೂದ್ಯರಲ್ಲಿ ಮೊದಲ ಹೆಣ್ಣು ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರು. ಅಜ್ಜಿ ಬದುಕಿದ್ದು ಕಣ್ಣಾರೆ ನೋಡಿದರೆ ಇನ್ನೂ ಒಳ್ಳೆಯದು. ಅಂದರೆ ಖಾತೂನ್. ಅಂದರೆ ನಾನು.

ಗಂಡ ಸಾಸೋನ್‌ಗೆ ಹೇಳಿದೆ. ಪಗಡೆ ಹಲಗೆಯಿಂದ ತಲೆ ಎತ್ತಲಿಲ್ಲ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ ಕಣೇ."

"ಹೊಲಿಸಲ್ಲ ರೀ. ಅಳತೆ ತಗೊಂಡಿದೀನಿ, ಅಷ್ಟೇ."

ಫೆಬ್ರವರಿ 15, ಶುಕ್ರವಾರ. ಮಧ್ಯಾಹ್ನ

ಸಕ್ಕರೆ 160. ಸಿಟ್ಟಿಗೂ ಸಕ್ಕರೆ ಏರುತ್ತದೆಯೇ? ಕೇಳಬೇಕು.

ಬೀಗಿತ್ತಿ ಪ್ನಿನಾ ಹೈಫಾದಿಂದ ಬಂದಿದ್ದಳು. ಸೊಸೆ ಶ್ಲೋಮಿತ್‌ಳ ತಾಯಿ. ರಿಟೈರ್ಡ್ ಭೂಗೋಳ ಟೀಚರ್. ಊಟಕ್ಕೆ ಕೂತಾಗ ನಾನು ಮೆಲ್ಲಗೆ ಮಾತು ತೆಗೆದೆ — ಹೆಸರಿನ ವಿಷಯ ನಮ್ಮಲ್ಲಿ ಹೀಗೆ, ನಿಮ್ಮಲ್ಲಿ ಹೇಗೆ ಅಂತ. ಅವಳ ಕೈಯ ಚಮಚ ಕೆಳಗೆ ಬಿತ್ತು.

"ಬದುಕಿರೋರ ಹೆಸರಾ? ಖಾತೂನ್ ಅವರೇ, ನಮ್ಮ ಪೋಲೆಂಡ್ ಕಡೆಯವರಲ್ಲಿ ಅದನ್ನ ಬಾಯಲ್ಲೂ ಆಡಲ್ಲ. ಸಾವಿನ ದೂತ ಬಂದಾಗ ಒಂದೇ ಮನೇಲಿ ಎರಡು ಖಾತೂನ್ ಇದ್ರೆ ಯಾರನ್ನ ಕರ್ಕೊಂಡು ಹೋಗ್ತಾನೋ..."

"ನಿಮ್ಮ ದೂತನಿಗೆ ಓದು ಬರಹ ಬರಲ್ವಾ? ನಮ್ಮ ಕಡೆಯವನು ವಯಸ್ಸು ಕೇಳ್ಕೊಂಡೇ ಕರ್ಕೊಂಡು ಹೋಗ್ತಾನೆ."

ಸಾಸೋನ್ ಕೆಮ್ಮಿದ. ಪ್ನಿನಾಳಿಗೆ ತೀರಿಹೋದ ತನ್ನ ತಾಯಿ ಗಿಟೆಲ್‌ಳ ಹೆಸರು ಬೇಕಂತೆ. ಶ್ಲೋಮಿತ್ ತಟ್ಟೆ ನೋಡುತ್ತ ಹೇಳಿದಳು, "ನಮಗೆ ಎರಡೂ ಬೇಡ ಅತ್ತೆ. ನಾನೊಂದು ಯೋಚಿಸಿದೀನಿ. ಕೆತ್ಸಿಯಾ."

ಕೆತ್ಸಿಯಾ! ಎಪ್ಪತ್ತೆರಡು ವರ್ಷದಲ್ಲಿ ಆ ಹೆಸರಿನ ಒಂದು ಪಿಳ್ಳೆಯನ್ನೂ ಕಂಡಿಲ್ಲ. ಅರ್ಥ ಕೇಳಿದರೆ ಚಕ್ಕೆಯ ಜಾತಿಯ ಘಮಘಮ ತೊಗಟೆಯಂತೆ. "ಸಾಂಬಾರ ಡಬ್ಬಿಯಿಂದ ಹೆಸರು ತೆಗೆದ್ರಾ? ಇನ್ನು ತಮ್ಮ ಹುಟ್ಟಿದರೆ ಜೀರಿಗೆ ಅಂತಿಡಿ," ಅಂದೆ.

ಯಾರೂ ನಗಲಿಲ್ಲ. ಸಾಸೋನ್ ಮಾತ್ರ, ಅದೂ ತಡವಾಗಿ.

ಏಪ್ರಿಲ್ 4, ಗುರುವಾರ

ಸಕ್ಕರೆ 133. ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಏನಿದೆ? ಹಬ್ಬ ಬಂತು, ಹೋಯಿತು. ನಾನು ಮುಖ ಊದಿಸಿಕೊಂಡೇ ಅಡುಗೆ ಮಾಡಿದೆ. ಯಾರಿಗೂ ರುಚಿ ವ್ಯತ್ಯಾಸ ಗೊತ್ತಾಗಲಿಲ್ಲ, ಅದೇ ಬೇಜಾರು.

ಸಾಸೋನ್ ಹೇಳುತ್ತಾನೆ ಕೆತ್ಸಿಯಾ ಅಂದರೆ ನಮ್ಮ ಧರ್ಮಗ್ರಂಥದ ಯೋಬನ ಮಗಳಂತೆ. ಎಲ್ಲ ಕಳೆದುಕೊಂಡ ಮೇಲೆ ದೇವರು ಅವನಿಗೆ ಮತ್ತೆ ಕೊಟ್ಟ ಮೂರು ಹೆಣ್ಣುಮಕ್ಕಳಲ್ಲಿ ಎರಡನೆಯವಳು. "ಏಳು ಗಂಡುಮಕ್ಕಳೂ ಹುಟ್ಟಿದ್ರು, ಅವರ ಹೆಸರೇ ಬರ್ದಿಲ್ಲ ನೋಡು. ಹೆಣ್ಣುಮಕ್ಕಳದ್ದು ಮಾತ್ರ ಬರ್ದಿದಾರೆ."

ಇರಲಿ. ಯೋಬನಿಗೆ ಅಮ್ಮ ಇರಲಿಲ್ಲವೇ? ಅವಳ ಹೆಸರು ಇಡಬಹುದಿತ್ತು.

ಜೂನ್ 25, ಮಂಗಳವಾರ

ಸಕ್ಕರೆ ನೋಡಲು ಪುರುಸೊತ್ತಿಲ್ಲ. ಹುಟ್ಟಿದಳು! ಬೆಳಿಗ್ಗೆ ಆರೂ ಇಪ್ಪತ್ತಕ್ಕೆ. ಮೂರು ಕಿಲೋ ನೂರು ಗ್ರಾಂ. ತಲೆ ತುಂಬ ಕಪ್ಪು ಕೂದಲು, ನಮ್ಮ ಕಡೆಯದು. ಮಂಗಳವಾರ ಬೇರೆ, ಸೃಷ್ಟಿಯ ವಾರದಲ್ಲಿ ದೇವರು ಎರಡು ಸಲ ಒಳ್ಳೆಯದೆಂದ ದಿನ. ಕೈಪಟ್ಟಿಯಲ್ಲಿ 'ಶ್ಲೋಮಿತ್‌ಳ ಮಗಳು' ಅಂತಷ್ಟೇ ಇದೆ. ಹೆಸರು ಆರನೆಯ ಸಂಜೆಗೆ, ನಮ್ಮ ಪದ್ಧತಿಯ ಪ್ರಕಾರ, ನಮ್ಮ ಮನೆಯಲ್ಲಿ. ಅಷ್ಟಕ್ಕೆ ಅವರೂ ಒಪ್ಪಿದ್ದಾರೆ.

ಜೂನ್ 26, ಬುಧವಾರ. ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಸರಿ.

ಅವ್ನೇರ್ ಬಂದಿದ್ದ. ನಿಂತೇ ಹೇಳಿದ. "ಅಮ್ಮಾ, ಖಾತೂನ್ ಅಂತಲೇ ಇಡ್ತೀವಿ. ಶ್ಲೋಮಿತ್ ಒಪ್ಪಿದಾಳೆ. ಭಾನುವಾರ ಸಂಜೆ ಎಲ್ಲರೆದುರಿಗೆ ನೀನೇ ಹೇಳ್ಬೇಕು."

"ನಿಜವಾಗಿ ಒಪ್ಪಿದಾಳೇನೋ?"

"ಒಪ್ಪಿದಾಳೆ ಅಂದ್ನಲ್ಲ." ಗಡಿಯಾರ ನೋಡಿ ಹೊರಟುಬಿಟ್ಟ.

ನಾನು ಮೂರು ಮಹಡಿಗೂ ಹೋಗಿ ಬಂದೆ. ಕೆಳಗಿನ ಹಣ್ಣಿನ ಅಂಗಡಿಯವನಿಗೂ ಹೇಳಿದೆ. "ಡಂಗುರದವನಿಗೆ ರಜೆ ಕೊಟ್ಟುಬಿಡು," ಅಂದ ಸಾಸೋನ್. ಅನ್ನಲಿ. ಅವನಿಗೂ ಖುಷಿಯೇ, ನನಗೆ ಗೊತ್ತು. ದೇವರೇ, ಎಂಥ ಸುಖ ಕೊಟ್ಟೆ.

ಜೂನ್ 28, ಶುಕ್ರವಾರ. ಮಧ್ಯಾಹ್ನ 3

ಸಂಜೆ ಸಬ್ಬತ್ ಶುರುವಾದರೆ ಬರೆಯುವಂತಿಲ್ಲ, ಅದಕ್ಕೆ ಮುಂಚೆ ಮುಗಿಸಬೇಕು.

ಬೆಳಿಗ್ಗೆ ಬೀಟ್‌ರೂಟ್ ಸಾರಿನಲ್ಲಿ ಬೇಯಿಸಿದ ಖೀಮಾ ಕಡುಬು, ನಮ್ಮ ಕುಬ್ಬೆಯ ಪಾತ್ರೆ ಹಿಡಿದು ಬಸ್ ಹತ್ತಿದೆ. ಅವ್ನೇರ್ ಬಾಗಿಲು ತೆಗೆದು ಅಂಗಡಿಗೆ ಹೋದ. ಶ್ಲೋಮಿತ್‌ಗೆ ನಿದ್ದೆ. ಮಗು ಅಳಲು ಶುರು ಮಾಡಿತು. ಎತ್ತಿಕೊಂಡೆ. "ಖಾತೂನ್... ಖಾತೂನ್, ಅಳಬೇಡ." ನನಗೇ ನಾಚಿಕೆಯಾಯಿತು, ನನ್ನನ್ನು ನಾನೇ ಸಮಾಧಾನ ಮಾಡಿದ ಹಾಗೆ. ಅಳು ಜೋರಾಯಿತು. ಆಗ ಮಂಚದಿಂದ, ಕಣ್ಣು ಕೂಡ ತೆರೆಯದೆ, ಶ್ಲೋಮಿತ್ ಅಂದಳು: "ಕೆತ್ಸಿಯಾ... ಇಲ್ಲೇ ಇದೀನಿ ಚಿನ್ನಾ."

ಮಗು ಸುಮ್ಮನಾಯಿತು. ಗುರುತು ಹೆಸರಿನದಲ್ಲ, ತಾಯಿಯ ದನಿಯದು. ಮೂರು ಹೆತ್ತವಳು, ಅಷ್ಟು ತಿಳಿಯದೇ? ಆದರೂ.

ಶ್ಲೋಮಿತ್ ಎಚ್ಚರಗೊಂಡು ನನ್ನನ್ನು ನೋಡಿ ಗಾಬರಿಯಾದಳು. "ತಪ್ಪಾಯ್ತು ಅತ್ತೆ. ಬಾಯಿ ತಪ್ಪಿ ಬಂತು. ಅಭ್ಯಾಸ ಆಗಿಬಿಟ್ಟಿದೆ. ಭಾನುವಾರದೊಳಗೆ ಬಿಟ್ಟುಬಿಡ್ತೀನಿ."

"ಎಷ್ಟು ದಿನದ ಅಭ್ಯಾಸ?"

ಎದ್ದು ದಿಂಬಿಗೆ ಒರಗಿದಳು. ಆಮೇಲೆ ಹೇಳಿದಳು. ಇದಕ್ಕೆ ಮುಂಚೆ ಎರಡು ಸಲ ಬಸಿರು ಇಳಿದು ಹೋಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. "ಇದು ಮೂರನೇದು. ಹೆಸರು ಹಿಡಿದು ಕೂಗ್ತಾ ಇದ್ರೆ ಹೋಗಲ್ಲ ಅನ್ನಿಸ್ತು. ಹೆಣ್ಣೇ ಅಂತ ಮನಸ್ಸು ಹೇಳ್ತಿತ್ತು, ಎರಡನೇ ತಿಂಗಳಿಂದ ದಿನಾ ಮಾತಾಡಿಸ್ತಿದ್ದೆ. ಕೆತ್ಸಿಯಾ ಇದೀಯಾ, ಕೆತ್ಸಿಯಾ ಇದೀಯಾ ಅಂತ..." ಕಣ್ಣು ಒರೆಸಿಕೊಂಡು ನಕ್ಕಳು. "ಖಾತೂನ್ ಒಳ್ಳೇ ಹೆಸರೇ ಅತ್ತೆ. ನಿಜವಾಗ್ಲೂ."

ಎರಡು ಸಲ. ನನಗೆ ಗೊತ್ತೇ ಇರಲಿಲ್ಲ. ನಾನು ಜೀರಿಗೆ ಅಂದೆನಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳ.

ಕುಬ್ಬೆ ಬಿಸಿ ಮಾಡಿ ಬಡಿಸಿದೆ. ಎರಡು ಬಟ್ಟಲು ತಿಂದಳು. ಏನೂ ಹೇಳದೆ ಬಂದೆ.

ಜೂನ್ 30, ಭಾನುವಾರ. ಸಂಜೆ 5

ಸಕ್ಕರೆ 150, ಪರವಾಗಿಲ್ಲ, ಇವತ್ತು ಲೆಕ್ಕವಿಲ್ಲ. ಹುರಿದ ಕಡಲೆ, ಜೋಳದ ಅರಳು, ಬಾದಾಮಿ ಮಿಠಾಯಿ — ದೊಡ್ಡ ಬೋಗುಣಿ ತುಂಬ. ಮಕ್ಕಳು ಈಗಲೇ ಕೈ ಹಾಕುತ್ತಿದ್ದಾರೆ. ಎರಡನೆಯ ಮಹಡಿಯವಳು ಕೇಕ್ ತಂದಿದ್ದಾಳೆ. ಮೇಲೆ ಕೆನೆಯಲ್ಲಿ 'ಖಾತೂನ್' ಅಂತ ಬರೆಸಿ! ಅಯ್ಯೋ.

ಸಾಸೋನ್‌ಗೂ ಹೇಳಿಲ್ಲ. ಹೇಳಿದರೆ ಧೈರ್ಯ ಹೋದೀತು. ಇಡೀ ಬಿಲ್ಡಿಂಗಿಗೆ ಸಾರಿ ಬಂದವಳು ನಾನೇ. ನಗುತ್ತಾರೆ. ನಗಲಿ, ಆರನೆಯ ಸಂಜೆ ಇರುವುದೇ ನಗಲಿಕ್ಕೆ. ಕರೆಯುತ್ತಿದ್ದಾರೆ.

ಜುಲೈ 1, ಸೋಮವಾರ. ಬೆಳಿಗ್ಗೆ 10

ಸಕ್ಕರೆ ನೋಡಿಲ್ಲ, ನೋಡುವುದೂ ಇಲ್ಲ.

ಮಗುವನ್ನು ನನ್ನ ಮಡಿಲಲ್ಲಿ ಇಟ್ಟರು. ಎಲ್ಲರೂ ಹತ್ತಿರ ಸರಿದರು. ಹೇಳಿದೆ: "ಇವಳ ಹೆಸರು ಕೆತ್ಸಿಯಾ."

ಅವ್ನೇರ್ ಬಾಯಿ ತೆರೆದು ಹಾಗೇ ನಿಂತ. ಕೇಕಿನವಳು ಕೇಕ್ ನೋಡಿದಳು. ಪ್ನಿನಾ ಓಡಿ ಬಂದು ನನ್ನ ಕೈ ಹಿಡಿದಳು. "ನನ್ನ ಮಾತಿಗೆ ಹೆದರಿಬಿಟ್ರಾ? ನಾನೇನೋ ನಮ್ಮ ಕಡೆಯದು ಹೇಳ್ದೆ..."

"ನಿಮ್ಮ ದೂತನಿಗೆ ನಾನು ಹೆದರ್ತೀನಾ? ಒಂದು ಖಾತೂನನ್ನೇ ತಡ್ಕೊಳ್ಳೋಕಾಗ್ತಿಲ್ಲ ಅಂತಾರೆ ನಿಮ್ಮ ಬೀಗರು. ಎರಡು ಯಾಕೆ?"

"ನಾನು ಯಾವತ್ತೂ ಹಾಗಂದಿಲ್ಲ," ಅಂದ ಸಾಸೋನ್. "ಗಟ್ಟಿಯಾಗಂತೂ ಅಂದಿಲ್ಲ." ಮನೆಯೆಲ್ಲ ನಗು. ಮಕ್ಕಳು ಬೋಗುಣಿಗೆ ಮುಗಿಬಿದ್ದರು, ಅರಳು ಸೋಫಾ ಅಡಿಯವರೆಗೂ. ಶ್ಲೋಮಿತ್ ನನ್ನ ಪಕ್ಕ ನೆಲಕ್ಕೆ ಕೂತು ನನ್ನ ಮೊಣಕಾಲಿಗೆ ಹಣೆ ಒತ್ತಿಕೊಂಡಳು. ಆ ಗಲಾಟೆಯಲ್ಲಿ ಅವಳು ಅತ್ತದ್ದು ನನ್ನ ಲಂಗಕ್ಕೆ ಮಾತ್ರ ಗೊತ್ತು.

ನೋವಿಲ್ಲ ಅಂದರೆ ಸುಳ್ಳು. ಕೇಕಿನಲ್ಲಿ ನನ್ನ ಹೆಸರು ಕತ್ತರಿಸುವಾಗ ಚುಳ್ಳೆಂದಿತು. 'ತೂನ್' ನನ್ನ ಪಾಲಿಗೆ ಬಂತು, ತಿಂದೆ, ಚೆನ್ನಾಗಿತ್ತು.

ರಾತ್ರಿ ಅವರು ಇಲ್ಲೇ ಉಳಿದರು. ಈಗ ಶ್ಲೋಮಿತ್ ಒಳಗೆ ಮಲಗಿದ್ದಾಳೆ, ಕೂಸು ನನ್ನ ಕೋಣೆಯಲ್ಲಿ. ಹೋಗಿ ಹೋಗಿ ಮುಖ ನೋಡಿ ಬರುತ್ತೇನೆ, ಬಂದು ಎರಡು ಸಾಲು ಬರೆಯುತ್ತೇನೆ. ಹೆಸರು ನಾಲಿಗೆಗೆ ಇನ್ನೂ ಹೊಂದಿಲ್ಲ. ಬೆಳಗಿನಿಂದ ನೂರು ಸಲ ಕೂಗಿರಬೇಕು, ಸಲಸಲಕ್ಕೂ ಸ್ವಲ್ಪ ಸಿಹಿ ಜಾಸ್ತಿ. ಎದ್ದಳು ಅನ್ನಿಸುತ್ತದೆ. ಹೌದು, ಅಳುತ್ತಿದ್ದಾಳೆ. ಬಂದೆ ಕೆತ್ಸಿಯಾ, ಬಂದೆ ನನ್ನ ಕಣ್ಣೇ, ನಿನ್ನ ಖಾತೂನ್ ಅಜ್ಜಿ ಬಂ—