ಎಮ್ಮಿ ಕಂದು ಹಾಕಿದ್ದಕ್ಕ ಕಾರಣ

ಮುನವಳ್ಳಿ,
೮-೭-೧೯೯೮

ಅಪ್ಪಾವ್ರಿಗೆ ನೀಲವ್ವನ ನಮಸ್ಕಾರ.

ಸೋಮವಾರ ನನ್ನ ಕರಕೊಂಡು ಹೋಗಾಕ ಬರಬ್ಯಾಡ್ರಿ. ನಾ ಇಲ್ಲೇ ಇರತೇನಿ.

ನಾ ಮದಿವ್ಯಾಗಿ ಬಂದ ಮ್ಯಾಲೆ ಮೂರು ಎಮ್ಮಿ ದಿನ ತುಂಬೂ ಮೊದಲ ಕಂದು ಹಾಕಿದ್ದಕ್ಕ ನನ್ನ ಕಾಲ್ಗುಣಾನೇ ಕಾರಣ ಅಂತಿದ್ರಲ್ಲ ಅತ್ತಿ? ಹೋದ ವಾರ ದನದ ಡಾಕ್ಟರು ಓಣಿಯಾಗ ಮನಿಮನಿ ತಿರುಗಿ ಕೇಳಿ ಬರಕೊಂಡ್ರು. ಆರು ಮನ್ಯಾಗ ಎಮ್ಮಿ ಕಂದು ಹಾಕ್ಯಾವ. ಅದರಾಗ ಹೊಸಾ ಸೊಸಿ ಬಂದಿದ್ದು ನಮ್ಮ ಮನಿಗಷ್ಟ. ಆದ್ರ ಆ ಆರೂ ಮನಿ ಎಮ್ಮಿ ಕುಡಿಯೋದು ಹೊಂಡದ ನೀರು. ಬಾವಿ ನೀರು ಕುಡಿಸೋ ಮನಿಗಳಾಗೂ ಇಬ್ಬರು ಹೊಸಾ ಸೊಸ್ತೇರು ಅದಾರ, ಅಲ್ಲಿ ಎಮ್ಮಿ ಚೆಂದಂಗ ಈದಾವ. ರಕ್ತ ತಪಾಸಣಿಗೆ ಕಳಿಸಿದ್ರು. ಹೊಂಡದ ನೀರಿನ ರೋಗ ಅಂತ ನಿನ್ನೆ ರಿಪೋರ್ಟ್ ಬಂತು.

"ಅಮ್ಮಾರ, ಸೊಸಿ ಬಂದ ಮ್ಯಾಲೆ ಆಗೇತಿ ಖರೆ, ಸೊಸಿಯಿಂದ ಆಗಿಲ್ಲ," ಅಂದ್ರು ಡಾಕ್ಟರು.

ಅತ್ತಿ ಆರು ತಿಂಗಳಿಂದ ನನ್ನ ದನದ ಮನಿಯೊಳಗ ಬಿಟ್ಟಿರಲಿಲ್ಲ. ಇವತ್ತ ಮುಂಜಾನೆ ಹಾಲಿನ ಚರಿಗಿ ನನ್ನ ಕೈಯಾಗಿಟ್ಟು, "ಹಿಂಡ್ಕೊಂಡು ಬಾರವ್ವಾ" ಅಂದ್ರು.

ಅವ್ವಗ ಇಷ್ಟೂ ಓದಿ ಹೇಳ್ರಿ. ಇದೊಂದು ಮಾತು ನಿಮಗಷ್ಟ: ಇಷ್ಟು ದಿನ ನಾನೂ ನನ್ನಿಂದನೇ ಆತು ಅಂತ ನಂಬಿದ್ನಿ. ಇವತ್ತ ಉಂಡ ರೊಟ್ಟಿ ಮೈಗೆ ಹತ್ತೇತಿ.

ನಿಮ್ಮ ಮಗಳು,
ನೀಲವ್ವ