ಚಕ್ರದ ಸದ್ದಿನ ಮರೆಯಲ್ಲಿ

ಕೊಳ್ಳೇಗಾಲ
23 ಡಿಸೆಂಬರ್ 2025, ಮಂಗಳವಾರ ಸಂಜೆ

(ಸೈಕಲ್ ಸವಾಲು ನಿನ್ನೆ ಬೆಳಿಗ್ಗೆ ಮುಗಿಯಿತು. ಇವತ್ತು ಕಾಲೇಜಿಗೆ ರಜೆ ಹಾಕಿದ್ದೇನೆ. ಅಪ್ಪ ಒಳಗೆ ಮಲಗಿದ್ದಾರೆ. ಯಶೋದ ಮಾರ್ಕೆಟ್ಟಿಗೆ ಹೋಗಿದ್ದಾಳೆ.)

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಆಪರೇಷನ್ ಆದಮೇಲೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಒಂದು ದಿನವೂ ಬಿಟ್ಟಿಲ್ಲವೆಂದು ಭಾವ ಹೇಳಿದರು. ಮೆಟ್ಟಿಲು ಇಳಿಯುವಾಗ ಮಾತ್ರ ಇನ್ನೂ ಗೋಡೆ ಹಿಡಿಯುತ್ತೀಯಂತೆ. ಇವತ್ತು ನಾನೂ ಹಾಗೆಯೇ ಇಳಿಯುತ್ತಿದ್ದೇನೆ, ಹಾಗಾಗಿ ನಿನ್ನ ಕಷ್ಟ ಅಷ್ಟಿಷ್ಟು ಗೊತ್ತಾಯಿತು. ಮೈಸೂರಿನಲ್ಲಿ ಚಳಿ ಜಾಸ್ತಿಯಂತೆ, ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೊ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಕ್ಷೇಮವೋ ಅಲ್ಲವೋ ನೀನೇ ನೋಡಿಕೊ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಎನ್ನುತ್ತೇನೆ, ಕೊನೆಗೆ ನೀನು ಹೇಳಿದ್ದಕ್ಕೆಲ್ಲ ನಾನು ಒಪ್ಪಿದ ಹಾಗೆ ಆಗಿಬಿಡುತ್ತದೆ. ಅದೂ ಅಲ್ಲದೆ ಈ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ಮಗ್ಗದ ಮನೆಯಲ್ಲಿರುವ ಅಪ್ಪನಿಗೆ ಕೇಳಿಸುತ್ತದೆ.

ನೀನು ವಹಿಸಿದ ಕೆಲಸವನ್ನು ನಾನಿನ್ನೂ ಮಾಡಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಸರಾ ಹೊತ್ತಿನಲ್ಲಿ ಅಪ್ಪ ಮಗ್ಗದ ಗುಣಿಯಿಂದ ಮೇಲೆ ಬರುವಾಗ ಕಾಲು ಸೋತು ಬಿದ್ದರಲ್ಲ, ಆಗ ನಾವಿಬ್ಬರೂ ಮಾತಾಡಿಕೊಂಡದ್ದು ಇಷ್ಟು: ಮಗ್ಗದ ಮೇಲಿರುವ ಹಾಸಿನ ಎಳೆ ನೇಯ್ದು ಮುಗಿದ ಕೂಡಲೇ ಇನ್ನೊಂದು ಹಾಸು ಹೂಡುವುದು ಬೇಡ; ‘ಸಾಕಪ್ಪ, ಇನ್ನು ನಿಲ್ಲಿಸಿ’ ಎಂದು ನಾನು ಹೇಳಬೇಕು; ಮಗ್ಗವನ್ನು ಹನೂರಿನ ಲಾಡ್ಜಿನವರು ಒಯ್ದು ತಮ್ಮ ಮುಂಬಾಗಿಲ ಹತ್ತಿರ ಅಂದಕ್ಕೆ ನಿಲ್ಲಿಸಿಕೊಳ್ಳುತ್ತಾರೆ; ಅಪ್ಪ ನಿನ್ನ ಮನೆಗೆ ಬರುತ್ತಾರೆ. ಹಾಸಿನಲ್ಲಿ ಈಗ ಒಂದು ಸೀರೆಯಷ್ಟು ಮಾತ್ರ ಉಳಿದಿದೆ. ‘ಸೈಕಲ್ಲಿನದು ಮುಗಿಯಲಿ, ಹೇಳುತ್ತೇನೆ’ ಎಂದು ನಿನಗೆ ಮಾತು ಕೊಟ್ಟಿದ್ದೆ.

ಅದೇನು ಸವಾಲು ಎಂದು ನೀನು ಎರಡು ಸಲ ಕೇಳಿದ್ದೆ, ನಾನು ಸರಿಯಾಗಿ ಹೇಳಿರಲಿಲ್ಲ. ಕುಂತೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ಹೋಗಿ ನಾನು ಸೈಕಲ್ ಸಮೇತ ಹಳ್ಳಕ್ಕೆ ಬಿದ್ದ ಮೇಲೆ ಯಶೋದ ಹೆಂಡತಿಯ ಅಧಿಕಾರದಿಂದ ರಸ್ತೆಗೆ ಇಳಿಯಬೇಡಿ ಎಂದಳು. ಆಮೇಲೆ ಹಿಂದಿನ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಚ್ಚಿಸಿ, ನಿಂತಲ್ಲೇ ತುಳಿಯುವುದನ್ನು ಕಲಿತೆ. ಫೋನಿನ ಪರದೆಯಲ್ಲಿ ಏರು ಬಂದರೆ ಚಕ್ರ ಬಿಗಿಯಾಗುತ್ತದೆ, ಇಳಿಜಾರು ಬಂದರೆ ಹಗುರವಾಗುತ್ತದೆ. ಹೀಗೆ ತುಳಿಯುವವರ ಗುಂಪೊಂದು ಎಂಟು ದಿನದ ಸವಾಲು ಇಟ್ಟಿತ್ತು. ದಿನಕ್ಕೊಂದು ಹಂತ, ಪ್ರತಿಯೊಂದೂ ಎರಡು ಗಂಟೆಗೆ ಕಡಿಮೆ ಇಲ್ಲ. ಒಂದು ದಿನ ತಪ್ಪಿದರೂ ಹೆಸರು ತೆಗೆದುಹಾಕುತ್ತಾರೆ. ಯಾಕೆ ಸೇರಿದೆ ಎಂದರೆ ಖಚಿತವಾದ ಉತ್ತರ ನನ್ನಲ್ಲಿಲ್ಲ. ಸಮತಟ್ಟಾದ ನೆಲವೂ ಪ್ಲಗ್ಗೂ ಎರಡೂ ಇರುವುದು ಮಗ್ಗದ ಮನೆಯಲ್ಲಿ ಮಾತ್ರ, ಆದ್ದರಿಂದ ಸೈಕಲ್ಲನ್ನು ಅಲ್ಲಿಯೇ ಇಟ್ಟೆ. ಅಪ್ಪ ಕಾಫಿ ಕುಡಿದು ಗುಣಿಗೆ ಇಳಿದು ಮಗ್ಗದ ತುಳಿಹಲಗೆಗೆ ಕಾಲು ಕೊಡುವ ಹೊತ್ತಿಗೇ ನಾನು ಸೈಕಲ್ ಹತ್ತುತ್ತಿದ್ದೆ. ಅವರು ಕೆಳಗೆ, ನಾನು ಮೇಲೆ, ನಡುವೆ ನಾಲ್ಕು ಅಡಿ. ‘ಅಪ್ಪಂದೂ ಮಗಂದೂ ಎಂಥಾ ಗಾಡಿಗ್ಳೋ, ಎಷ್ಟ್ ತುಳುದ್ರೂ ವಸ್ಲು ದಾಟಲ್ಲ’ ಎಂದು ಯಶೋದ ಮೊದಲ ದಿನವೇ ಅಂದಳು.

ಎರಡನೆಯ ದಿನಕ್ಕೇ ತೊಡೆಗಳು ಕಲ್ಲಾದವು. ಯಳಂದೂರಿನ ಬಸ್ಸಿನಲ್ಲಿ ಓದಲೆಂದು ಯಾವುದೋ ಹಿಮದ ದೇಶದ ಕಾದಂಬರಿಯ ಅನುವಾದ ಒಯ್ಯುತ್ತಿದ್ದೆ. ಅದರಲ್ಲಿ ಒಬ್ಬ ರೈಲು ಹಿಡಿಯಲು ಮನೆಯಿಂದ ಹೊರಡುತ್ತಾನೆ. ವಾರ ಪೂರ್ತಿ ಅವನನ್ನು ಸ್ಟೇಷನ್ನಿಗೆ ಮುಟ್ಟಿಸಲು ನನ್ನಿಂದಾಗಲಿಲ್ಲ. ಮಾಂಬಳ್ಳಿ ಬರುವಷ್ಟರಲ್ಲಿ ಪುಸ್ತಕ ಮಡಿಲಿಗೆ ಜಾರಿ ನಿದ್ದೆ ಹೋಗಿರುತ್ತಿದ್ದೆ. ಕಾಲೇಜಿನ ಲೈಬ್ರರಿಯಲ್ಲಿ ಏಣಿ ಹತ್ತಿ ಪುಸ್ತಕ ತೆಗೆಯುವ ಕೆಲಸವನ್ನೆಲ್ಲ ಅಟೆಂಡರ್ ರಂಗನಾಯಕನಿಗೆ ಬಿಟ್ಟುಕೊಟ್ಟೆ. ‘ಸಾ, ಎಲ್ಗೂ ಓಗ್ದೇ ಇಂಗಾದ್ರಲ್ಲ, ಓಗಿದ್ರ ಏನಾಯ್ತಿದ್ರೋ’ ಎಂದ.

ಈಗ ಮುಖ್ಯ ವಿಷಯ. ಬುಧವಾರ ನಾನು ಕಡಿದಾದ ಏರಿನಲ್ಲಿದ್ದೆ. ಅಂಥ ಕಡೆ ಸ್ಟ್ಯಾಂಡಿನ ಸದ್ದು ಹಿಟ್ಟಿನ ಗಿರಣಿಯ ಹಾಗಿರುತ್ತದೆ, ಬೇರೇನೂ ಕೇಳಿಸುವುದಿಲ್ಲ. ಇದ್ದಕ್ಕಿದ್ದ ಹಾಗೆ ಕರೆಂಟು ಹೋಯಿತು, ಚಕ್ರ ಸಡಿಲವಾಯಿತು, ನಾನು ತುಳಿಯುವುದನ್ನು ನಿಲ್ಲಿಸಿದೆ. ಮಗ್ಗದ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ತಿರುಗಿ ನೋಡಿದರೆ ಅಪ್ಪ ಲಾಳಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಬಲಗಾಲಿನ ಮಂಡಿಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಸದ್ದು ನಿಂತದ್ದಕ್ಕೆ ಬೆಚ್ಚಿ ಕಣ್ಣು ಬಿಟ್ಟವರು ಮೊದಲು ಲಾಳಿಯನ್ನು ಎತ್ತಿಕೊಂಡರು. ‘ಯಾಕ್ಲಾ ನಿಲ್ಲುಸ್ದೆ?’ ಎಂದು ನನ್ನನ್ನೇ ಗದರಿದರು. ‘ಕರೆಂಟ್ ಓಯ್ತು’ ಎಂದೆ. ‘ಮಗ್ಗಕ್ಕ ಕರೆಂಟ್ ಬ್ಯಾಡ’ ಎಂದು ಲಾಳಿ ಎಸೆಯತೊಡಗಿದರು.

ಮರುದಿನ ನಾನು ಕಾದು ನೋಡಿದೆ. ಇದ್ದದ್ದು ಹೀಗೆ: ನನ್ನ ಚಕ್ರ ಜೋರಾಗಿ ಕಿರುಚುವಾಗ ಅಪ್ಪ ಕೈ ಬಿಟ್ಟು ಕೂರುತ್ತಾರೆ. ಏರು ಮುಗಿದು ನನ್ನ ಸದ್ದು ಇಳಿಯುತ್ತಿದ್ದ ಹಾಗೆ ಅವರ ಮಗ್ಗ ಶುರುವಾಗುತ್ತದೆ. ಅಡುಗೆಮನೆಯಲ್ಲಿರುವ ಯಶೋದಳಿಗೂ ಬೀದಿಗೂ ಎರಡರಲ್ಲಿ ಒಂದು ಸದ್ದು ಯಾವಾಗಲೂ ಕೇಳುತ್ತಿರುತ್ತದೆ. ಮಗ್ಗ ನಿಂತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ತಡೆದರೆ ಎದುರು ಮನೆಯವರು ಇಣುಕಿ ನೋಡುತ್ತಾರೆ, ನಿನಗೆ ಗೊತ್ತಲ್ಲ.

ಗುರುವಾರ ಊಟ ಮಾಡುವಾಗ ಅಪ್ಪ ಬೇರೆಯೇ ಒಂದು ತಕರಾರು ತೆಗೆದರು. ‘ನಾಳ ಅಮಾಸ. ಮಗ್ಗದ್ ಮನೇಲಿ ಕಾಲಾಡ್ಸಂಗಿಲ್ಲ.’ ಅಮಾವಾಸ್ಯೆ ಮಗ್ಗಕ್ಕೆ, ಸೈಕಲ್ಲಿಗಲ್ಲ ಎಂದೆ. ‘ತುಳಿಯೋದು ತುಳಿಯೋದೇ ಕಣ್ಲಾ. ನಿಮ್ಮವ್ವ ಇದ್ದಿದ್ರ ಈ ಮಾತ್ ಆಡ್ತಿದ್ದಾ?’ ಅಮ್ಮನ ಹೆಸರು ಬಂದ ಮೇಲೆ ವಾದ ಮಾಡುವಂತಿಲ್ಲ. ಒಂದು ದಿನ ಬಿಟ್ಟರೆ ಸವಾಲು ಅಲ್ಲಿಗೇ ಮುಗಿಯುತ್ತಿತ್ತು. ಮಗ್ಗದ ಮನೆ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ವಸ್ಲಿಂದಾಚ್ಗ ನೀನ್ ಏನಾರ ಮಾಡ್ಕ’ ಎಂದರು. ಶುಕ್ರವಾರ ಬೆಳಿಗ್ಗೆ ನಾನೂ ಪಕ್ಕದ ಮನೆಯ ಮಹದೇವುವೂ ಸೇರಿ ಸೈಕಲ್ಲನ್ನೂ ಸ್ಟ್ಯಾಂಡನ್ನೂ ಜಗಲಿಗೆ ಹೊತ್ತು ತಂದೆವು. ಕಿಟಕಿಯಿಂದ ವೈರ್ ಎಳೆದೆವು. ಅಪ್ಪ ಮಗ್ಗವನ್ನು ಒರೆಸಿ, ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಕೆಲಸವಿಲ್ಲದೆ ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತರು.

ಇಡೀ ಬೀದಿ ನೋಡಿತು ಎಂದು ಬೇರೆ ಹೇಳಬೇಕಾಗಿಲ್ಲ. ಎದುರು ಮನೆಯ ವೀರಮ್ಮ ರಂಗೋಲಿ ಬಿಟ್ಟು ಎದ್ದು ನಿಂತು, ‘ಏನ್ ಮೋಹನಪ್ಪ, ಅಮಾಸ ಪೂಜೆಗ ಬಸ್ಸೆಲ್ಲ ತುಂಬೋದೋ ಅಂತ ಸೈಕಲ್ಲಲ್ಲೇ ಬೆಟ್ಟಕ್ಕ ಒಂಟ್ಯಾ?’ ಎಂದಳು. ನೀರು ತರಲು ಹೋದವಳು ವಾಪಸ್ಸು ಬರುತ್ತ, ಬೆಟ್ಟದ ದಾರಿಯ ಊರುಗಳನ್ನು ಎಣಿಸುವವಳ ಹಾಗೆ, ‘ಅನೂರು ದಾಟ್ದಾ?’ ಆಮೇಲೆ ಹಾಲಿನ ಪಾತ್ರೆ ಹಿಡಿದು, ‘ಕೌದಳ್ಳೀಲಿ ಇಳ್ದು ಒಂದ್ ಕಾಪಿ ಕುಡ್ಕಂಡೋಗಪ್ಪ, ಸುಸ್ತಾದಂಗ ಕಾಣ್ತೀಯ.’ ಮಹದೇವು, ‘ವಸ್ಲು ದಾಟ್ಸುದ್ರೂ ಓಯ್ತಾ ಇಲ್ವಲ್ಲಾ ಈ ಸೈಕಲ್ಲು’ ಎಂದು ನಕ್ಕ. ಅಪ್ಪ ಮಾತ್ರ, ‘ಸುಮ್ಕಿರ್ಲಾ, ಅವನ್ ದಾರಿ ಅವನ್ಗ ಕಾಣ್ತದ’ ಎಂದರು. ನಗುವುದಕ್ಕೂ ನನ್ನಲ್ಲಿ ಉಸಿರಿರಲಿಲ್ಲ. ಕೊನೆಯ ಏರಿನಲ್ಲಿ ನನ್ನ ತೊಡೆ ನಡುಗುವುದನ್ನು ಅಪ್ಪ ತುಂಬ ಹೊತ್ತು ನೋಡಿದರು. ‘ಈಗ ಇಳುದ್ರ ಯಾರ್ ಬೈದಾರು?’ ಎಂದರು. ಯಾರೂ ಇಲ್ಲ ಎಂದೆ. ‘ಮತ್ತ ಯಾಕ್ ಇಳಿಯಲ್ಲ?’ ಎಂದು ಕೇಳಿ ಬೀದಿಯ ಕಡೆ ಮುಖ ಮಾಡಿದರು. ಮಗ್ಗಕ್ಕೆ ರಜೆಯಿದ್ದ ಆ ಒಂದು ದಿನ, ಎಲ್ಲರಿಗೂ ಕಾಣುವ ಹಾಗೆ ಮಂಡಿಯನ್ನು ಉಜ್ಜಿಕೊಳ್ಳುತ್ತ ಕೂತಿದ್ದರು.

ಶನಿವಾರ ಸೈಕಲ್ ಮತ್ತೆ ಒಳಗೆ ಬಂತು. ಆ ದಿನದ ಹಂತದಲ್ಲಿ ಏರುಗಳು ಕಡಿಮೆ ಇದ್ದವು, ನಡುನಡುವೆ ನಿಧಾನವಾಗಿ ತುಳಿದು ದಣಿವಾರಿಸಿಕೊಳ್ಳಲು ಜಾಗ ಬೇಕಾದಷ್ಟಿತ್ತು. ಅಂಥ ಕಡೆ ನಾನು ನಿಧಾನಿಸಲಿಲ್ಲ, ಅಕ್ಕಾ. ಚಕ್ರವನ್ನು ಅದೇ ವೇಗದಲ್ಲಿ ತಿರುಗಿಸುತ್ತ ಸದ್ದು ಇಳಿಯದ ಹಾಗೆ ನೋಡಿಕೊಂಡೆ. ಮೊದಲ ಸಲ ಅಪ್ಪನಿಗೆ ಗೊಂದಲವಾಯಿತು. ಅಮಾವಾಸ್ಯೆಯ ದಿನ ಪಕ್ಕದಲ್ಲೇ ಕೂತು ನೋಡಿದ್ದರಲ್ಲ, ಏರಾದ ಮೇಲೆ ಸದ್ದು ಇಳಿಯಬೇಕೆಂದು ಅವರಿಗೆ ಗೊತ್ತಿತ್ತು. ಲಾಳಿ ಕೈಯಲ್ಲೇ ಹಿಡಿದು ನನ್ನ ಚಕ್ರವನ್ನು ನೋಡಿದರು, ಮೇಲೆ ನನ್ನ ಮುಖ ನೋಡಿದರು. ನಾನು ಪರದೆಯನ್ನು ನೋಡುತ್ತಿದ್ದೆ. ಆಮೇಲೆ ಅವರು ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟರು. ಭಾನುವಾರವೂ ಹಾಗೇ, ಸೋಮವಾರವೂ ಹಾಗೇ. ಸೋಮವಾರ ಕೊನೆಯ ಏರು ಬಂದಾಗ ನನ್ನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ದಣಿವಾರಿಸಿಕೊಳ್ಳಬೇಕಾದ ಕಡೆಯೆಲ್ಲ ಶಕ್ತಿ ಖರ್ಚಾಗಿಹೋಗಿತ್ತು. ಹೇಗೆ ಮುಗಿಸಿದೆನೋ ಹೇಳಲಾರೆ. ಇಳಿದ ಮೇಲೆ ಮಗ್ಗದ ಕಂಬ ಹಿಡಿದು ನಿಂತಿದ್ದೆ. ಫೋನಿಗೆ ಒಂದು ಪದಕದ ಚಿತ್ರ ಬಂತು, ಗುಂಪಿನವರೆಲ್ಲ ಅಭಿನಂದನೆ ಕಳಿಸಿದರು. ಏನೂ ಅನ್ನಿಸಲಿಲ್ಲ, ಮಲಗಬೇಕು ಎಂದಷ್ಟೇ ಅನ್ನಿಸಿತು. ‘ಮುಗೀತಾ?’ ಎಂದರು ಅಪ್ಪ. ಮುಗೀತು ಎಂದೆ. ‘ನಾಳ?’ ನಾಳೆ ಇಲ್ಲ ಎಂದೆ. ‘ಉಂ’ ಎಂದರು.

ಇವತ್ತು ಬೆಳಿಗ್ಗೆ ನಾನು ಏಳಲಿಲ್ಲ. ಹಾಸಿಗೆಯಲ್ಲೇ ಮಗ್ಗದ ಸದ್ದು ಕೇಳುತ್ತ ಬಿದ್ದಿದ್ದೆ. ಅದು ಒಂದು ಸಲವೂ ನಿಲ್ಲಲಿಲ್ಲ. ತಿಂಡಿಯ ಹೊತ್ತಾದರೂ ನಿಲ್ಲಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿರುವಾಗ ಅವರು ಹೇಗೆ ನಿಲ್ಲಿಸಿಯಾರು? ಕೊನೆಗೆ ಅವರು ಕರೆದಾಗ ಹೋಗಿ ನೋಡಿದರೆ ಗುಣಿಯಿಂದ ಮೇಲೇಳಲು ಆಗುತ್ತಿಲ್ಲ. ನಾನೂ ಯಶೋದಳೂ ಎರಡು ಕಡೆ ಹಿಡಿದು ಎತ್ತಿದೆವು. ‘ಗುಣಿ ಆಳ ಆಗದ ಕಣಮ್ಮಿ’ ಎಂದರು ಯಶೋದಳಿಗೆ. ‘ಊಂ ಮಾವ, ರಾತ್ರಿ ಯಾರೋ ಬಂದು ತೋಡ್ಬುಟ್ಟು ಓಗವ್ರೆ’ ಎಂದಳು ಅವಳು, ಆಮೇಲೆ ಅಡುಗೆಮನೆಗೆ ಹೋಗಿ ಮುಖ ಒರೆಸಿಕೊಂಡಳು. ಮಂಡಿ ಊದಿಕೊಂಡಿದೆ. ಉಪ್ಪಿನ ಶಾಖ ಕೊಟ್ಟಿದ್ದೇವೆ.

ಆದ್ದರಿಂದ ನೀನು ಹೇಳಿದ್ದು ಸರಿ. ನೇಯ್ಗೆಯೂ ಮೊದಲಿನಂತಿಲ್ಲ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ರೇಷ್ಮೆ ಕೊಡುವ ಸಾಹುಕಾರ ಶಿವರುದ್ರಸ್ವಾಮಿಯವರು ಹೋದ ತಿಂಗಳೇ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಬೇರೆಯಾಗಿ ಮಡಿಸಿಟ್ಟಿದ್ದರು. ಮಧ್ಯಾಹ್ನ ನಾನು ಹೇಳಬೇಕಾದ ಮಾತನ್ನು ಸಿದ್ಧಮಾಡಿಕೊಂಡು ಅಪ್ಪನ ಹಾಸಿಗೆಯ ಹತ್ತಿರ ಹೋಗಿ ಕೂತೆ. ಬಾಯಿ ತೆರೆಯುವ ಮೊದಲೇ ಅವರು, ‘ಶಿವರುದ್ರಸಾಮ್ಯೋರು ನಮ್ಗ ಒಸ ಆಸು ಮಡ್ಗವ್ರಾ, ಕೇಳ್ದಯಾ?’ ಎಂದರು. ಕೇಳಿಲ್ಲ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿರಲಿಲ್ಲ. ನಾನೂ ಅಲ್ಲಿಯೇ ಗೋಡೆಗೆ ಒರಗಿ ಕೂತಿದ್ದೆ, ಎದ್ದು ಹೋಗುವುದಕ್ಕೂ ಕಾಲು ಒಪ್ಪಲಿಲ್ಲ.

ಬರೆಯುವುದು ಸಾಕು, ಕೈಯೂ ಸೋತಿದೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಲಿಖಿತಾಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳು ಕೇಳಿದ್ದ ಎರಡು ಪುಸ್ತಕಗಳನ್ನು ತೆಗೆದಿಟ್ಟಿದ್ದೇನೆಂದು ಹೇಳು. ನೀನು ಕೋಲು ಹಿಡಿಯಲು ನಾಚಿಕೊಳ್ಳಬೇಡ. ಅಪ್ಪನ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ.

ನಿನ್ನ ತಮ್ಮ,
ಮೋಹನ್

ಅವಸರದಲ್ಲಿ ಇನ್ನೊಂದು ಮಾತು: ಹನೂರಿನ ಲಾಡ್ಜಿನವರಿಗೆ ಬರಬೇಡಿ ಎಂದು ನೀನೇ ಫೋನ್ ಮಾಡಿ ಹೇಳಿಬಿಡು. ಶನಿವಾರ ಶಿವರುದ್ರಸ್ವಾಮಿಯವರಲ್ಲಿಗೆ ಹೋಗಿ ಹೊಸ ಹಾಸು ತರುವುದೆಂದು ತೀರ್ಮಾನಿಸಿದ್ದೇನೆ, ಅಂಚಿಲ್ಲದ್ದು, ನೇಯಲು ಸುಲಭವಾದದ್ದು, ಎರಡು ಸೀರೆಗೆ ಆಗುವಷ್ಟು. ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಲು ಅಪ್ಪನ ಕಣ್ಣಿಗೆ ಆಗುವುದಿಲ್ಲ, ನಾನು ಕೂರುತ್ತೇನೆ. ಬೈಯುವುದಿದ್ದರೆ ಬಂದು ಬೈಯಿ, ಆದರೆ ಬೆಳಿಗ್ಗೆ ಬೇಡ. ಬೆಳಿಗ್ಗೆ ನಾನು ಸೈಕಲ್ ಮೇಲಿರುತ್ತೇನೆ, ನಡುವೆ ಸದ್ದು ನಿಲ್ಲಿಸುವ ಹಾಗಿಲ್ಲ. ಇದ್ಯಾವುದನ್ನೂ ಅಪ್ಪನಿಗೆ ಇನ್ನೂ ಹೇಳಿಲ್ಲ.